ಗಾಜಿನ ತೊಟ್ಟಿಗೊಂದು ಸಾಧು ಮೀನು



ನಡುಮನೆಯ ಒಂದು ಮೂಲೆಯಲ್ಲಿ ಪುಟ್ಟದೊಂದು ಗಾಜಿನ ತೊಟ್ಟಿ. ಅದರೊಳಗೆ ತಿಳಿನೀರು, ನಾಲ್ಕು ಹಸುರು ಗಿಡಗಳು. ಆ ಹಸುರಿನ ನಡುವೆ ಯಾರ ಗೋಜಿಗೂ ಹೋಗದೆ ತನ್ನಷ್ಟಕ್ಕೆ ತಾನು ಸುಳಿದಾಡುತ್ತಿರುವ ಒಂದೇ ಒಂದು ಮೀನು. ಇಷ್ಟು ದೊರೆತರೆ ಸಾಕೆಂದು ಬಯಸುವ ಗೃಹಸ್ಥರು ನಮ್ಮ ಪಟ್ಟಣಗಳಲ್ಲಿ ಬಹಳ ಮಂದಿ ಇರುವರು. ಈ ಬಯಕೆಗೆ ಕಾರಣವೂ ಉಂಟು. ನಾಯಿಯನ್ನು ಸಾಕೋಣವೆಂದರೆ ಬಾಡಿಗೆಯ ಮನೆಯ ಯಜಮಾನರು ಒಪ್ಪರು. ಬೆಕ್ಕಾದರೋ ನೆರೆಮನೆಯ ಹಾಲಿನ ಪಾತ್ರೆಯನ್ನೂ ತನ್ನದೆಂದೇ ತಿಳಿಯುವುದು. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ಕೊನೆಗೆ ಉಳಿಯುವುದು ಮೀನು. ಅದು ಬೊಗಳದು, ಪರಚದು, ಬೀದಿಗೆ ಓಡಿಹೋಗದು. ಅದರಲ್ಲಿಯೂ ಒಂದೇ ಮೀನಾದರೆ ಖರ್ಚೂ ಕಡಿಮೆ, ಗಲಾಟೆಯೂ ಕಡಿಮೆ.

ಕೇಳುವುದಕ್ಕೆ ಇದು ಬಹು ಸಣ್ಣ ಆಸೆ. ಆದರೆ ಅಂಗಡಿಗೆ ಹೋಗಿ, ಸಾಧುವಾಗಿಯೂ ಇರಬೇಕು, ಒಂಟಿಯಾಗಿಯೂ ಬಾಳಬೇಕು, ಅಂಥದೊಂದು ಮೀನನ್ನು ಕೊಡಿರೆಂದು ಕೇಳಿದವರು ಅನೇಕ ವೇಳೆ ಮನೆಗೆ ತರುವುದು ಮೂರು ತಿಂಗಳು ಬದುಕದ ಮೀನನ್ನು. ಅಂಗಡಿಯವನು ಮೋಸಮಾಡಿದನೆಂದು ಇದರ ಅರ್ಥವಲ್ಲ. ಸಾಧುತ್ವ, ಏಕಾಂತಪ್ರಿಯತೆ ಎಂಬ ಈ ಎರಡು ಗುಣಗಳು ಒಂದೇ ಮೀನಿನಲ್ಲಿ ಕೂಡಿ ಬರುವುದೇ ಅಪೂರ್ವ. ಮನುಷ್ಯರಲ್ಲಿ ಸಾಧುಗಳಾದವರು ಊರನ್ನು ಬಿಟ್ಟು ಗವಿಯನ್ನು ಸೇರುವುದುಂಟು. ಮೀನುಗಳಲ್ಲಿ ಗವಿಯನ್ನು ಸೇರುವುದು ಸಾಧುವಲ್ಲ, ಜಗಳಗಂಟಿ. ಸಾಧುವಾದುದು ಸಂತೆಯಲ್ಲಿ ಇರುವುದು.

ಮೈಮೇಲೆ ನೀಲಿಯ ಉದ್ದಪಟ್ಟೆಗಳುಳ್ಳ ಜೀಬ್ರಾ ಮೀನನ್ನೇ ನೋಡಿರಿ. ಇದು ನಮ್ಮ ದೇಶದ ಹಳ್ಳಕೊಳ್ಳಗಳಲ್ಲಿಯೂ ಗದ್ದೆಗಳಲ್ಲಿಯೂ ಹುಟ್ಟಿ ಬೆಳೆದ ಪ್ರಾಣಿ, ಕಿರುಬೆರಳಿಗಿಂತ ದೊಡ್ಡದಲ್ಲ, ಯಾರಿಗೂ ಕೇಡು ಬಗೆಯದು. ಅದರ ರಕ್ಷಣೆಗೆ ಮುಳ್ಳಿಲ್ಲ, ವಿಷವಿಲ್ಲ, ಗಟ್ಟಿಯಾದ ಹಲ್ಲಿಲ್ಲ. ಇರುವ ಒಂದೇ ರಕ್ಷಣೆಯೆಂದರೆ ಗುಂಪು. ನೂರು ಮೀನುಗಳ ನಡುವೆ ಇದ್ದಾಗ ಕೊಕ್ಕರೆಯ ಕೊಕ್ಕಿಗೆ ತಾನೇ ಸಿಕ್ಕುವ ಸಂಭವ ನೂರರಲ್ಲೊಂದು. ಒಂಟಿಯಾದಾಗ ಆ ಲೆಕ್ಕವೆಲ್ಲವೂ ತಲೆಕೆಳಗು. ಲಕ್ಷಾಂತರ ವರ್ಷಗಳಿಂದ ರಕ್ತದಲ್ಲಿ ಇಳಿದು ಬಂದಿರುವ ಈ ಭಯವು ಮನೆಯ ತೊಟ್ಟಿಯಲ್ಲಿ ಒಮ್ಮೆಗೇ ಹೋಗುವುದಿಲ್ಲ. ನಮ್ಮ ನಡುಮನೆಯಲ್ಲಿ ಕೊಕ್ಕರೆಯಿಲ್ಲವೆಂಬುದನ್ನು ಅದಕ್ಕೆ ತಿಳಿಸಿ ಹೇಳುವವರಾರು? ಆದುದರಿಂದ ಒಂಟಿಯಾಗಿ ತಂದ ಜೀಬ್ರಾ ಮೀನು ಮೂಲೆಯನ್ನು ಹಿಡಿಯುವುದು, ಇಲ್ಲವೆ ಹುಚ್ಚುಹಿಡಿದಂತೆ ಗಾಜಿನ ಉದ್ದಕ್ಕೂ ಓಡಾಡುವುದು. ಅದರ ಬಣ್ಣ ಕಳೆಗುಂದುವುದು. ಆಹಾರದ ಮೇಲೆ ಆಸೆ ಹೋಗುವುದು. ನೋಡುವವರು ಅದನ್ನು ಶಾಂತವೆಂದು ಮೆಚ್ಚುತ್ತಿರುವಾಗ ಅದು ಅಂಜಿಕೆಯಿಂದ ಕೃಶವಾಗುತ್ತಿರುವುದು. ಅಮೆಜಾನ್ ನದಿಯ ನಿಯಾನ್ ಟೆಟ್ರಾಗಳ ಕಥೆಯೂ ಇದೇ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಹುಟ್ಟಿ, 1865ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರಿಂದ ಶಾಸ್ತ್ರೀಯವಾದ ಹೆಸರನ್ನು ಪಡೆದು, ಈಗ ಮಿಸ್ ಕೇರಳ ಎಂಬ ಬೆಡಗಿನ ಹೆಸರಿನಿಂದ ಮಾರಾಟವಾಗುವ ಕೆಂಪುಗೀರಿನ ಮೀನೂ ಗುಂಪಿನದೇ. ಅದು ಹತ್ತು ಸೆಂಟಿಮೀಟರಿಗೂ ಮೀರಿ ಬೆಳೆಯುವುದು. ಹರಿಯುವ ನೀರನ್ನು ಬೇಡುವುದು. ಮೇಲಾಗಿ ಹೊಳೆಗಳಲ್ಲಿ ಅದರ ಸಂತತಿ ಕ್ಷೀಣಿಸಿ ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಯನ್ನು ಸೇರಿದೆ. ಪುಟ್ಟ ತೊಟ್ಟಿಯವರು ಅದರ ಆಸೆಯನ್ನು ಬಿಡುವುದೇ ಲೇಸು.

ಇನ್ನು ಒಂಟಿಯಾಗಿ ಬಾಳುವ ಮೀನುಗಳ ಕಡೆ ತಿರುಗೋಣ. ನಮ್ಮ ಕೆರೆಗಳ ಕೊರವ ಮೀನಿಗೆ ಜೊತೆ ಬೇಕಿಲ್ಲ, ನಿಜ. ಎದುರಿಗೆ ಬಂದ ಸಣ್ಣ ಮೀನೆಲ್ಲವೂ ಅದಕ್ಕೆ ಆಹಾರ. ಮುಚ್ಚಳ ಸಡಿಲವಾಗಿದ್ದರೆ ರಾತ್ರಿಯಲ್ಲಿ ಹಾರಿ ಬಂದು ನೆಲದ ಮೇಲೆ ಬೀಳುವುದು. ಬೆಳೆದಂತೆಲ್ಲ ಸಣ್ಣ ತೊಟ್ಟಿ ಸಾಲದಾಗುವುದು. ಕೇರಳದ ಹೊಳೆಗಳಲ್ಲಿ ಮತ್ತೊಂದು ಪುಟ್ಟ ಸೋಜಿಗದ ಮೀನುಂಟು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ಪಂಡಿತರು ಅದಕ್ಕೆ ತಿರುವಾಂಕೂರಿನ ಹೆಸರನ್ನಿಟ್ಟರು. ಬಟಾಣಿ ಕಾಳಿನಂತೆ ದುಂಡಗಿರುವುದರಿಂದ ವ್ಯಾಪಾರಿಗಳು ಪೀ ಪಫರ್ ಎನ್ನುವರು. ಗಾತ್ರ ಮೂರು ಸೆಂಟಿಮೀಟರು. ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ಹೊರಳಿಸುತ್ತ ಮನುಷ್ಯರನ್ನು ದಿಟ್ಟಿಸಿ ನೋಡುವುದನ್ನು ಕಂಡರೆ ಯಾರಿಗಾದರೂ ಮೋಹವುಂಟಾಗುವುದು. ಆದರೆ ನೆರೆಯ ಮೀನುಗಳ ಈಜುರೆಕ್ಕೆಯನ್ನು ಕಚ್ಚಿ ಹರಿಯುವುದೇ ಅದರ ಕಾಲಕ್ಷೇಪ. ಅದಕ್ಕೆ ಜೀವಂತವಾದ ಬಸವನಹುಳುಗಳನ್ನೂ ಸಣ್ಣ ಹುಳುಗಳನ್ನೂ ಒದಗಿಸುತ್ತಿರಬೇಕು. ಪೇಟೆಗೆ ಬರುವುದರಲ್ಲಿ ಬಹುಪಾಲು ಹೊಳೆಯಿಂದಲೇ ಹಿಡಿದು ತಂದದ್ದು. ಹೊಸಬರು ಇದನ್ನು ಮುಟ್ಟದಿರುವುದು ಮೀನಿಗೂ ಕ್ಷೇಮ, ಹೊಳೆಗೂ ಕ್ಷೇಮ.

ಮೀನಿನ ವಿಚಾರವು ಇತ್ಯರ್ಥವಾಗುವ ಮುನ್ನ ತೊಟ್ಟಿಯ ವಿಚಾರವನ್ನು ಸ್ವಲ್ಪ ಹೇಳಬೇಕಾಗಿದೆ. ಸಿನಿಮಾದಲ್ಲಿಯೂ ಮಕ್ಕಳ ಚಿತ್ರಪುಸ್ತಕಗಳಲ್ಲಿಯೂ ಕಾಣುವ ದುಂಡನೆಯ ಗಾಜಿನ ಬಟ್ಟಲು ಮೀನಿನ ಮನೆಯಲ್ಲ. ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಗೋಳವು ಬಾಯಿಮಟ್ಟ ತುಂಬಿದರೂ ಹಿಡಿಯುವುದು ನಾಲ್ಕು ಲೀಟರಿಗೆ ಸ್ವಲ್ಪ ಹೆಚ್ಚು. ಅರ್ಧಕ್ಕೆ ತುಂಬಿದರೆ ಎರಡು ಲೀಟರು, ಎಂದರೆ ಒಂದು ದೊಡ್ಡ ಚೊಂಬಿನ ನೀರು. ಇಟಲಿಯ ರೋಮ್ ನಗರದ ಆಡಳಿತದವರು 2005ರಲ್ಲಿ ಇಂಥ ಗೋಳಗಳಲ್ಲಿ ಮೀನನ್ನಿಡುವುದನ್ನು ನಿಷೇಧಿಸಿದರು. ಆ ಬಟ್ಟಲಿನಲ್ಲಿ ಸಾಮಾನ್ಯವಾಗಿ ಇಡುವುದು ಹೊಂಬಣ್ಣದ ಗೋಲ್ಡ್‌ಫಿಷ್. ಅದು ಸಾಧು ನಿಜ. ಆದರೆ ಒಂಟಿಯಲ್ಲ, ಚಿಕ್ಕದೂ ಅಲ್ಲ. ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆಯುವುದು. ಹತ್ತಿಪ್ಪತ್ತು ವರ್ಷ ಬಾಳುವುದು. ಇಂಗ್ಲೆಂಡಿನಲ್ಲಿ 1956ರಲ್ಲಿ ಒಂದು ಜಾತ್ರೆಯ ಆಟದಲ್ಲಿ ಬಹುಮಾನವಾಗಿ ದೊರೆತ ಟಿಷ್ ಎಂಬ ಗೋಲ್ಡ್‌ಫಿಷ್ 1999ರ ವರೆಗೆ, ನಾಲ್ವತ್ತಮೂರು ವರ್ಷ, ಬದುಕಿತ್ತು. ನಮ್ಮ ಮನೆಗಳಲ್ಲಿ ಅದು ನಾಲ್ಕು ತಿಂಗಳಿಗೆ ಸತ್ತರೆ ಆಯುಸ್ಸು ತೀರಿತೆನ್ನುವೆವು.

ಮೀನನ್ನು ವಿನೋದಕ್ಕೆ ವಸ್ತುವಾಗಿ ಮಾಡಿಕೊಳ್ಳುವುದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಉಂಟು. ಆದರೆ ಅಲ್ಲಿಯ ವಿನೋದವು ಗಾಳದ್ದು. ಮೀನನ್ನು ಕೊಲ್ಲದೆ, ಗಾಜಿನ ಹಿಂದೆ ಇಟ್ಟು, ಗಿಡದೊಡನೆ ಸಾಕಿ ನೋಡುವ ಕಲೆಗೆ ಶಾಸ್ತ್ರದ ತಳಹದಿ ದೊರೆತುದು 1850ರಲ್ಲಿ. ಆ ವರ್ಷ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಎರಡು ಗೋಲ್ಡ್‌ಫಿಷ್‌ಗಳನ್ನೂ ವ್ಯಾಲಿಸ್ನೀರಿಯ ಎಂಬ ಜಲಸಸ್ಯವನ್ನೂ ಕೆಲವು ಬಸವನಹುಳುಗಳನ್ನೂ ಒಂದೇ ಪಾತ್ರೆಯಲ್ಲಿರಿಸಿ, ನೀರನ್ನು ಬದಲಾಯಿಸದೆಯೇ ಅವು ಒಂದನ್ನೊಂದು ಪೋಷಿಸಿಕೊಂಡು ಬಾಳಬಲ್ಲವೆಂದು ವರದಿಮಾಡಿದರು. ಅಕ್ವೇರಿಯಂ ಎಂಬ ಹೆಸರನ್ನು ಲೋಕಪ್ರಿಯಗೊಳಿಸಿದುದು 1854ರಲ್ಲಿ ಪ್ರಕಟವಾದ ಫಿಲಿಪ್ ಗಾಸ್ ಎಂಬ ನಿಸರ್ಗವಾದಿಯ ಗ್ರಂಥ. ಮೀನು ಬಿಟ್ಟ ಅಂಗಾರಾಮ್ಲವನ್ನು ಗಿಡ ಹೀರುವುದು, ಗಿಡ ಬಿಟ್ಟ ಪ್ರಾಣವಾಯುವನ್ನು ಮೀನು ಉಸಿರಾಡುವುದು ಎಂಬುದು ಅಂದಿನವರ ತಿಳಿವಳಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ನಿಜ. ಉಳಿದರ್ಧವು ಕಣ್ಣಿಗೆ ಕಾಣದ್ದು.

ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯವನ್ನು ಹೊರಹಾಕುತ್ತಿರುವುದು. ಹೊಳೆಯಲ್ಲಿ ಅದು ಕೊಚ್ಚಿಹೋಗುವುದು, ತೊಟ್ಟಿಯಲ್ಲಿ ನಿಲ್ಲುವುದು, ನಿಂತದ್ದು ಮೀನಿಗೇ ವಿಷವಾಗುವುದು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಇರುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು. 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಎಂಬವರು ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ಮರಳಿನ ಮೇಲೆಯೂ ಫಿಲ್ಟರಿನ ಸ್ಪಂಜಿನಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಭಾನುವಾರ ಬೆಳಗ್ಗೆ ತೊಟ್ಟಿಯನ್ನು ಕೊಂಡು, ಅಂದು ಸಂಜೆಯೇ ಮೀನನ್ನು ಬಿಟ್ಟು, ಮುಂದಿನ ಭಾನುವಾರದೊಳಗೆ ಅದನ್ನು ಕಳೆದುಕೊಂಡವರು ಎಷ್ಟೋ ಮಂದಿ. ಅಂಥವರು ಮೀನು ಅಶಕ್ತವಾಗಿತ್ತೆನ್ನುವರು. ನೀರು ಹದಗೊಂಡಿರಲಿಲ್ಲವೆಂಬುದೇ ದಿಟ. ದೋಸೆಯ ಹಿಟ್ಟು ಹುದುಗಲು ಒಂದು ರಾತ್ರಿಯನ್ನು ಕೊಡುವ ನಮ್ಮ ಜನ, ನೀರು ಹದಗೊಳ್ಳಲು ಒಂದು ತಿಂಗಳನ್ನು ಕೊಡಲಾರರೆ? ತೊಟ್ಟಿಯಲ್ಲಿ ಗಿಡವನ್ನು ನೆಟ್ಟು, ಫಿಲ್ಟರನ್ನು ನಡೆಸುತ್ತ, ದಿನವೂ ಚಿಟಿಕೆಯಷ್ಟು ಮೀನಿನ ಆಹಾರವನ್ನು ಹಾಕುತ್ತಿದ್ದರೆ ಅದು ಕೊಳೆತು ಆ ಸೂಕ್ಷ್ಮಜೀವಿಗಳಿಗೆ ಆಹಾರವನ್ನು ಒದಗಿಸುವುದು. ಹಳೆಯ ತೊಟ್ಟಿಯಿರುವ ಸ್ನೇಹಿತರಿಂದ ಒಂದು ಕೊಳಕು ಸ್ಪಂಜನ್ನು ಬೇಡಿ ತಂದು ಹಾಕಿದರೆ ಕಾರ್ಯವು ಇನ್ನೂ ಬೇಗ ಕೈಗೂಡುವುದು.

ತೊಟ್ಟಿಯ ಅಳತೆ ಎಷ್ಟಿರಬೇಕು? ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರವಿದ್ದರೆ ಸುಮಾರು ನಾಲ್ವತ್ತು ಲೀಟರ್ ನೀರು ಹಿಡಿಯುವುದು. ನಾವು ಈ ಹೊತ್ತು ಚಿಕ್ಕ ತೊಟ್ಟಿಯೆಂದು ಹೇಳುತ್ತಿರುವುದು ಇದನ್ನೇ. ಸ್ಥಳವೇ ಇಲ್ಲದವರು ಇದರ ಅರ್ಧಕ್ಕೆ, ಇಪ್ಪತ್ತು ಲೀಟರಿಗೆ, ಇಳಿಯಬಹುದು. ಅದರ ಕೆಳಕ್ಕೆ ಇಳಿಯಬಾರದು. ನೀರು, ಮರಳು, ಗಾಜು ಎಲ್ಲವೂ ಸೇರಿ ನಾಲ್ವತ್ತು ಲೀಟರಿನ ತೊಟ್ಟಿಯು ಐವತ್ತು ಕಿಲೋ ತೂಗುವುದಾದುದರಿಂದ ಪುಸ್ತಕದ ಕಪಾಟಿನ ಹಲಗೆಯ ಮೇಲೆ ಇಡುವ ಸಾಹಸಕ್ಕೆ ಹೋಗಬೇಡಿರಿ.

ಈ ತೊಟ್ಟಿಗೆ ತಕ್ಕ ಸಾಧು ಮೀನು ಯಾವುದು? ನಮ್ಮ ದೃಷ್ಟಿ ಮೊದಲು ಹೋಗುವುದು ಗೊರಾಮಿಗಳ ಕಡೆಗೆ. 1800ರಲ್ಲಿಯೂ 1801ರಲ್ಲಿಯೂ, ಟಿಪ್ಪುಸುಲ್ತಾನನ ಪತನವಾದ ಮರುವರ್ಷವೇ, ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರ ಹೆಸರನ್ನು ಇತಿಹಾಸವನ್ನು ಓದಿದವರೆಲ್ಲರೂ ಬಲ್ಲರು. ಆತನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ನಾವು ಆಗಲೇ ಹೇಳಿದ ಜೀಬ್ರಾ ಮೀನಿಗೂ, ಈಗ ಹೇಳಲಿರುವ ಎರಡು ಪುಟ್ಟ ಗೊರಾಮಿಗಳಿಗೂ ಶಾಸ್ತ್ರದಲ್ಲಿ ಮೊದಲ ವರ್ಣನೆ ಆ ಗ್ರಂಥದ್ದೇ. ಬಂಗಾಳದವರು ಖೋಲಿಶಾ ಎಂದು ಕರೆಯುವ ಈ ಮೀನುಗಳಲ್ಲಿ ಒಂದು ಚೂನಾ, ಮತ್ತೊಂದು ಲಾಲ್. ಊರವರ ಬಾಯಲ್ಲಿದ್ದ ಆ ಹೆಸರುಗಳು ಇಂದಿಗೂ ಲ್ಯಾಟಿನ್ನಿನ ವೇಷದಲ್ಲಿ ಉಳಿದುಕೊಂಡಿವೆ.

ಲಾಲ್ ಜಾತಿಯದು ಪೇಟೆಯಲ್ಲಿ ಡ್ವಾರ್ಫ್ ಗೊರಾಮಿ. ಕೆಂಪಿನ ಮೇಲೆ ನೀಲಿಯ ಅಡ್ಡಗೀರುಗಳು, ಕಣ್ಣಿಗೆ ಹಬ್ಬ. ಆದರೆ ಗಂಡುಗಳಿಗೆ ಮೂಗಿನ ಮೇಲೆ ಸಿಟ್ಟು. ಅದಕ್ಕಿಂತಲೂ ದೊಡ್ಡ ತೊಂದರೆಯೆಂದರೆ ಈ ಮೀನಿನ ಸಾಕಣೆಯಲ್ಲಿ ಹರಡಿಕೊಂಡಿರುವ ಒಂದು ವೈರಸ್ ರೋಗ. ಅದಕ್ಕೆ ಔಷಧವಿಲ್ಲ, ಕೊಂಡಾಗ ಚೆನ್ನಾಗಿಯೇ ಕಂಡ ಮೀನು ಕೆಲವು ವಾರಗಳಲ್ಲಿ ಬಣ್ಣಗೆಟ್ಟು ಹೊಟ್ಟೆಯುಬ್ಬಿ ಸಾಯುವುದು. ಚೂನಾ ಜಾತಿಯ ಹನಿ ಗೊರಾಮಿಯಾದರೋ ಹೆಸರಿಗೆ ತಕ್ಕಂತೆ ಜೇನಿನ ಬಣ್ಣದ್ದು, ಜೇನಿನಂಥ ಸ್ವಭಾವದ್ದು. ನಾಲ್ಕೈದು ಸೆಂಟಿಮೀಟರಿಗೆ ಅದರ ಬೆಳೆವಳಿಕೆ ನಿಲ್ಲುವುದು. ಎದೆಯ ಕೆಳಗಿನ ಎರಡು ಈಜುರೆಕ್ಕೆಗಳು ನೂಲಿನ ಎಳೆಗಳಂತೆ ಸಣ್ಣವಾಗಿ, ಮುಂದೆ ಚಾಚಿಕೊಂಡಿರುವುವು. ಅವುಗಳಿಂದ ಅದು ಗಿಡವನ್ನೂ ಕಲ್ಲನ್ನೂ ಗಾಜನ್ನೂ ಮುಟ್ಟಿ ಮುಟ್ಟಿ ನೋಡುವುದು. ಕತ್ತಲೆಯಲ್ಲಿ ಗೋಡೆಯನ್ನು ತಡವಿಕೊಂಡು ಹೋಗುವ ಅಜ್ಜಿಯಂತೆ ಅದು ತೊಟ್ಟಿಯನ್ನೆಲ್ಲ ಸಾವಧಾನವಾಗಿ ಪರೀಕ್ಷಿಸಿಕೊಂಡು ಬರುವುದನ್ನು ಎಷ್ಟು ಹೊತ್ತು ನೋಡಿದರೂ ಬೇಸರವಾಗದು. ನೀರಿನ ಮೇಲಿನ ಎಲೆಯ ಮೇಲೆ ಕುಳಿತ ಸಣ್ಣ ಹುಳುವಿಗೆ ಬಾಯಿಂದ ನೀರಿನ ಹನಿಯನ್ನು ಉಗುಳಿ ಬೀಳಿಸುವ ವಿದ್ಯೆಯೂ ಅದಕ್ಕೆ ಗೊತ್ತು. ಸನ್‌ಸೆಟ್ ಎಂಬ ಹೆಸರಿನಿಂದ ಮಾರುವ ಕಿತ್ತಳೆಯ ಬಣ್ಣದ ಮೀನು ಅನೇಕ ವೇಳೆ ಬೇರೊಂದು ದಪ್ಪತುಟಿಯ ಜಾತಿಯದಾಗಿದ್ದು ಇದರ ಎರಡರಷ್ಟು ಬೆಳೆಯುವುದೆಂಬುದನ್ನು ಕೊಳ್ಳುವಾಗ ನೆನಪಿನಲ್ಲಿಡಿರಿ.

ಇಷ್ಟು ಹೊಗಳಿದ ಮೇಲೆ ಇದನ್ನೇ ಆರಿಸಿಕೊಳ್ಳಬಾರದೇಕೆಂದು ಕೇಳುವಿರಿ. ಅಡ್ಡಿಯೊಂದುಂಟು. ಹನಿ ಗೊರಾಮಿ ಅಂಜುಬುರುಕ. ಜೀಬ್ರಾ ಮೀನಿನಂತೆ ಅದಕ್ಕೆ ತನ್ನ ಜಾತಿಯ ಗುಂಪೇ ಬೇಕೆಂಬ ಹಟವಿಲ್ಲ. ಆದರೆ ಸುತ್ತ ಯಾವ ಜೀವದ ಸುಳಿವೂ ಇಲ್ಲದಿದ್ದರೆ ಗಿಡದ ಮರೆಯಿಂದ ಹೊರಗೆ ಬರಲು ಹಿಂಜರಿಯುವುದು. ಎದುರಿಗೆ ಆರೆಂಟು ಪುಟ್ಟ ರಸ್ಬೋರ ಮೀನುಗಳು ನಿರ್ಭಯವಾಗಿ ಆಡುತ್ತಿದ್ದರೆ, ಅಪಾಯವಿಲ್ಲವೆಂದು ತಾನೂ ಧೈರ್ಯತಾಳುವುದು. ಆದುದರಿಂದ ನಾಲ್ವತ್ತು ಲೀಟರಿನ ತೊಟ್ಟಿಯಲ್ಲಿ ಒಂದು ಮುಖ್ಯ ಮೀನು, ಅದರ ಸುತ್ತ ಒಂದು ಚಿಕ್ಕ ಪರಿವಾರ ಎಂಬ ಏರ್ಪಾಡಿಗೆ ಒಪ್ಪುವವರು ಹನಿ ಗೊರಾಮಿಯನ್ನು ಕಣ್ಣುಮುಚ್ಚಿಕೊಂಡು ತರಬಹುದು. ಒಂದೇ ಮೀನು, ಅದರ ಹೊರತು ಇನ್ನೊಂದು ಬೇಡ ಎನ್ನುವವರಿಗೆ ಅದು ತಕ್ಕುದಲ್ಲ.

ಹಾಗಾದರೆ ಅಂಥವರಿಗೆ ಯಾವುದು? ನಮ್ಮ ಉತ್ತರವನ್ನು ಕೇಳಿ ಕೆಲವರು ನಗಬಹುದು. ಸಯಾಮಿನ ಕಾಳಗದ ಮೀನು, ಪೇಟೆಯ ಮಾತಿನಲ್ಲಿ ಫೈಟರ್.

ಸಯಾಮಿನಲ್ಲಿ, ಎಂದರೆ ಈಗಿನ ಥಾಯ್‌ಲೆಂಡಿನಲ್ಲಿ, ಇದರ ಹೆಸರು ಪ್ಲಾ ಕಟ್. ಕಚ್ಚುವ ಮೀನೆಂದು ಅರ್ಥ. ನಮ್ಮ ಕರಾವಳಿಯಲ್ಲಿ ಕೋಳಿ ಅಂಕವಿರುವಂತೆ ಅಲ್ಲಿ ಮೀನಿನ ಅಂಕ. ಎರಡು ಗಂಡುಗಳನ್ನು ಒಂದು ಪಾತ್ರೆಗೆ ಬಿಟ್ಟು ಪಣವೊಡ್ಡುತ್ತಿದ್ದರು. 1840ರಲ್ಲಿ ಅಲ್ಲಿಯ ಅರಸರು ಇಂಥ ಮೀನುಗಳನ್ನು ಥಿಯೋಡೋರ್ ಕ್ಯಾಂಟರ್ ಎಂಬ ವೈದ್ಯರಿಗೆ ಕೊಟ್ಟರು. ಅವರ ಮೂಲಕ ಇದರ ವರ್ಣನೆಯು ಐರೋಪ್ಯ ವಿದ್ವಾಂಸರಿಗೆ ದೊರೆಯಿತು. ಈಗಿನ ಶಾಸ್ತ್ರೀಯ ನಾಮವಾದ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬುದನ್ನು 1910ರಲ್ಲಿ ಟೇಟ್ ರೇಗನ್ ಎಂಬವರು ಇಟ್ಟರು. 2019ರಲ್ಲಿ ಥಾಯ್‌ಲೆಂಡಿನ ಸರ್ಕಾರವು ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಇಂಥ ಕುಖ್ಯಾತಿಯ ಪ್ರಾಣಿಯನ್ನು ನಾವು ಸಾಧುವೆಂದು ಹೇಳುವುದು ಹೇಗೆ?

ಅದರ ಜಗಳ ಯಾರೊಡನೆ ಎಂಬುದನ್ನು ವಿಚಾರಿಸಿದರೆ ಉತ್ತರವು ತಾನಾಗಿ ತೋರುವುದು. ಗಂಡು ಬೆಟ್ಟಾ ಗದ್ದೆಯ ನೀರಿನಲ್ಲಿ, ಜವುಗಿನ ಹುಲ್ಲಿನ ನಡುವೆ ಒಂದಿಷ್ಟು ಜಾಗವನ್ನು ತನ್ನದಾಗಿ ಮಾಡಿಕೊಂಡು, ಬಾಯಿಂದ ಗುಳ್ಳೆಗಳನ್ನು ಬಿಟ್ಟು ನೊರೆಯ ಗೂಡನ್ನು ಕಟ್ಟುವುದು. ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವ ಹೊಣೆ ತಂದೆಯದೇ. ಆ ಗೂಡಿನ ಬಳಿಗೆ ಮತ್ತೊಂದು ಗಂಡು ಬಂದರೆ ರೆಕ್ಕೆಗಳನ್ನು ಬಿಡಿಸಿ, ಕಿವಿರಿನ ಮುಚ್ಚಳವನ್ನು ಅಗಲಿಸಿ ಗದರಿಸುವುದು. ಬಯಲಿನಲ್ಲಿ ಸೋತದ್ದು ಓಡಿಹೋಗುವುದು. ವ್ಯಾಜ್ಯವು ಅಲ್ಲಿಗೆ ಮುಗಿಯುವುದು. ಓಡಿಹೋಗಲು ದಾರಿಯಿಲ್ಲದ ಪಾತ್ರೆಯಲ್ಲಿ ಮಾತ್ರ ಅದು ರಕ್ತಪಾತವಾಗುವುದು. ಆ ಪಾತ್ರೆಯನ್ನು ಒಡ್ಡಿದವನು ಮನುಷ್ಯ. ಪ್ರತಿಸ್ಪರ್ಧಿಯಿಲ್ಲದ ಕಡೆ ಬೆಟ್ಟಾಗೆ ಹೋರಾಡುವ ಪ್ರಸಕ್ತಿಯೇ ಇಲ್ಲ. ಜೊತೆಯಿಲ್ಲದ ಕೊರಗೂ ಅದಕ್ಕಿಲ್ಲ. ಅದರ ಸ್ವಭಾವವೇ ಒಬ್ಬಂಟಿಯದು. ಒಡೆಯರು ಬಳಿಗೆ ಬಂದರೆ ಮುಂದಕ್ಕೆ ಬಂದು ನಿಲ್ಲುವುದು. ಎಲೆಯ ಮೇಲೆ ಮಗ್ಗುಲಾಗಿ ಒರಗಿ ವಿಶ್ರಮಿಸಿಕೊಳ್ಳುವುದು. ನಿಧಾನವಾಗಿ ಸುತ್ತಿ ಮತ್ತೆ ತನ್ನ ಮೂಲೆಗೆ ಮರಳುವುದು. ಹೆಸರಿನಲ್ಲಿ ಶಾಂತಿಯಿರುವ ಮೀನುಗಳು ಒಂಟಿಯಾಗಿ ನರಳುತ್ತಿರಲು, ಹೆಸರಿನಲ್ಲಿ ಕಾಳಗವಿರುವ ಈ ಮೀನು ಒಂಟಿಯಾಗಿ ಸುಖವಾಗಿರುವುದು.

ಇದರ ದುರದೃಷ್ಟವೆಂದರೆ ಇದರ ಗಟ್ಟಿತನವೇ. ಗೊರಾಮಿಗಳಿಗೂ ಇದಕ್ಕೂ ತಲೆಯಲ್ಲಿ, ಕಿವಿರಿನ ಮೇಲ್ಗಡೆ, ಮಡಿಕೆ ಮಡಿಕೆಯಾದ ಒಂದು ಅಂಗವಿರುವುದು. ನೀರಿನ ಮೇಲಕ್ಕೆ ಬಂದು ಗುಟುಕಿಸಿದ ಗಾಳಿಯಿಂದ ಆ ಅಂಗದ ಮೂಲಕ ಪ್ರಾಣವಾಯುವನ್ನು ಹೀರಿಕೊಳ್ಳಬಲ್ಲುದು. ಬೇಸಗೆಯಲ್ಲಿ ಗದ್ದೆಯ ನೀರು ಬಿಸಿಯಾಗಿ ಉಸಿರು ಕಟ್ಟುವಂತಾದಾಗ ಬದುಕಿಕೊಳ್ಳಲೆಂದು ಪ್ರಕೃತಿಯು ಕೊಟ್ಟ ವರವಿದು. ವ್ಯಾಪಾರಿಗಳು ಇದನ್ನೇ ಆಧಾರವಾಗಿ ಹಿಡಿದು ಮೀನನ್ನು ಒಂದು ಲೋಟದಷ್ಟು ನೀರಿರುವ ಬಾಟಲಿಯಲ್ಲಿಟ್ಟು ಮಾರುವರು. ಕೊಂಡವರು ಬಾಟಲಿಯೇ ಅದರ ಮನೆಯೆಂದು ನಂಬಿ ಮೇಜಿನ ಮೇಲೆ ಲೇಖನಿಗಳ ಪಕ್ಕದಲ್ಲಿ ಇಟ್ಟುಕೊಳ್ಳುವರು. ಗಾಳಿಯನ್ನು ಉಸಿರಾಡುವ ಶಕ್ತಿಯಿರುವುದು ನಿಜ. ಅಮೋನಿಯವನ್ನು ತಾಳುವ ಶಕ್ತಿ ಇದಕ್ಕೂ ಇಲ್ಲ. ಆ ಲೋಟದ ನೀರು ಎರಡು ದಿನಗಳಲ್ಲಿ ಕೆಡುವುದು. ರಾತ್ರಿಯ ಚಳಿಗೆ ತಣ್ಣಗಾಗುವುದು, ಹಗಲಿನಲ್ಲಿ ಬಿಸಿಯಾಗುವುದು. ಮೀನು ತಕ್ಷಣ ಸಾಯದು. ತಳದಲ್ಲಿ ಮಲಗುವುದು, ರೆಕ್ಕೆಗಳು ಅಂಚಿನಿಂದ ಕೊಳೆಯುತ್ತ ಬರುವುವು, ಕೆಲವು ತಿಂಗಳಿಗೆ ತೀರಿಹೋಗುವುದು. ಸರಿಯಾದ ತೊಟ್ಟಿಯಲ್ಲಿ ಎರಡರಿಂದ ನಾಲ್ಕು ವರ್ಷ ಬಾಳುವ ಪ್ರಾಣಿಯಿದು. ಇಂಥ ಬಾಟಲಿಗಳನ್ನು ಮಕ್ಕಳ ಹುಟ್ಟುಹಬ್ಬದಲ್ಲಿ ಉಡುಗೊರೆಯಾಗಿ ಹಂಚುವ ಪದ್ಧತಿಯೂ ಕೆಲವೆಡೆ ಉಂಟಂತೆ. ಇದಕ್ಕಿಂತ ಪೆಪ್ಪರಮಿಂಟನ್ನು ಹಂಚುವುದು ಎಷ್ಟೋ ಮೇಲು.

ಕೊಳ್ಳುವಾಗ ಬಾಟಲಿಯ ಬಳಿ ಬೆರಳನ್ನು ಮೆಲ್ಲನೆ ಆಡಿಸಿ ನೋಡಿರಿ. ಬೆರಳಿನ ಕಡೆ ತಿರುಗಿ ಬರುವ ಮೀನು ಆರೋಗ್ಯವಾದದ್ದು. ರೆಕ್ಕೆಗಳು ಮಡಿಸಿಕೊಂಡಿರಬಾರದು; ಅಂಚು ಕಪ್ಪಾಗಿ ಹರಿದಿರಬಾರದು; ಮೈಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿಯ ಚುಕ್ಕೆಗಳಿರಬಾರದು. ಸೀರೆಯ ಸೆರಗಿನಂತೆ ಉದ್ದವಾದ ರೆಕ್ಕೆಗಳುಳ್ಳದ್ದು ನೋಡಲು ಅಂದವಾದರೂ ಆ ಭಾರವನ್ನು ಹೊತ್ತು ಈಜುವುದು ಅದಕ್ಕೆ ಪ್ರಯಾಸವೇ. ಕಾಡಿನ ಬೆಟ್ಟಾದಂತೆ ಮೊಟಕಾದ ರೆಕ್ಕೆಗಳುಳ್ಳ ಬಗೆಯೂ ದೊರೆಯುವುದು. ಅದು ಚುರುಕು, ಗಟ್ಟಿಮುಟ್ಟು. ನಾವಾದರೆ ಅದನ್ನೇ ಆರಿಸಿಕೊಳ್ಳುವೆವು. ಅಂಗಡಿಯವನು ಗಾಜನ್ನು ಶುಭ್ರವಾಗಿಡಲೆಂದು ಕಪ್ಪಗಿನ ಸಕ್ಕರ್ ಮೀನೊಂದನ್ನು ಜೊತೆಗೆ ಕೊಡಲು ಬಂದರೆ ಬೇಡವೆನ್ನಿರಿ. ದಕ್ಷಿಣ ಅಮೆರಿಕದ ಆ ಮೀನು ಒಂದಡಿಗೂ ಮೀರಿ ಬೆಳೆಯುವುದು. ಹಾಗೆ ಬೆಳೆದುದನ್ನು ಕೆಲವರು ಕರುಣೆಯೆಂದು ಭಾವಿಸಿ ಕೆರೆಗೆ ಬಿಟ್ಟುದರ ಫಲವಾಗಿ, ಇಂದು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಬಲೆ ಬೀಸಿದವರಿಗೆ ಒಳ್ಳೆಯ ಮೀನಿಗೆ ಬದಲಾಗಿ ಅದೇ ಸಿಕ್ಕುತ್ತಿದೆ. ಸಂಗಡ ಒಂದು ಬಸವನಹುಳು ಇದ್ದರೆ ಸಾಕು.

ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಮನುಷ್ಯರಿಗೆ ಕ್ಷೇಮಕರ, ಮೀನಿನ ಕಿವಿರಿಗೆ ಬೆಂಕಿ. ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಬಹುಮಟ್ಟಿಗೆ ಆರಿಹೋಗುವುದು. ಅವಸರವಿದ್ದರೆ ಹೈಪೋ ಎಂಬ ಹರಳು ಅಂಗಡಿಯಲ್ಲಿ ದೊರೆಯುವುದು. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಮಾತ್ರ ಬದಲಾಯಿಸಬೇಕು. ಇಡೀ ತೊಟ್ಟಿಯನ್ನು ಬರಿದುಮಾಡಿ, ಸೋಪಿನಿಂದ ಉಜ್ಜಿ, ಫಳಫಳನೆ ಹೊಳೆಯುವಂತೆ ಮಾಡುವ ಶುಚಿತ್ವವು ಒಂದ ತಿಂಗಳಿನ ಸೂಕ್ಷ್ಮಜೀವಿಗಳನ್ನು ಒಂದೇ ಗಳಿಗೆಯಲ್ಲಿ ನಾಶಮಾಡುವುದು. ಬೆಟ್ಟಾಗೆ ಇಪ್ಪತ್ತೈದರಿಂದ ಇಪ್ಪತ್ತೆಂಟು ಡಿಗ್ರಿ ಸೆಲ್ಷಿಯಸ್ ಬಿಸುಪು ಹಿತ. ಮಂಗಳೂರಿನವರಿಗೆ ಇದರ ಚಿಂತೆಯಿಲ್ಲ. ಮೈಸೂರು, ಬೆಂಗಳೂರು, ಮಡಿಕೇರಿಗಳಲ್ಲಿ ಮಾರ್ಗಶಿರ ಪುಷ್ಯಮಾಸಗಳ ರಾತ್ರಿಯಲ್ಲಿ ತೊಟ್ಟಿಯ ನೀರು ಇಪ್ಪತ್ತರ ಆಸುಪಾಸಿಗೆ ಇಳಿಯಬಹುದಾದುದರಿಂದ ಸಣ್ಣದೊಂದು ಹೀಟರ್ ಅವಶ್ಯಕ. ಫಿಲ್ಟರಿನ ಸೆಳೆತವು ಮೆಲ್ಲಗಿರಬೇಕು. ಮುಚ್ಚಳವಿರಬೇಕು; ಮುಚ್ಚಳಕ್ಕೂ ನೀರಿಗೂ ನಡುವೆ ಉಸಿರಾಡಲು ಮೂರು ಬೆರಳಗಲ ಗಾಳಿಯಿರಬೇಕು. ಕೋಣೆ ಕತ್ತಲಾಗಿ ತೊಟ್ಟಿಯ ದೀಪ ಮಾತ್ರ ಉರಿಯುತ್ತಿದ್ದರೆ ಗಾಜು ಕನ್ನಡಿಯಾಗುವುದು. ಆಗ ಮೀನು ತನ್ನ ಬಿಂಬವನ್ನೇ ಶತ್ರುವೆಂದು ಬಗೆದು ಸುಸ್ತಾಗುವ ತನಕ ಗದರಿಸುತ್ತಿರುವುದು. ಕೋಣೆಯ ದೀಪ ಆರುವ ಮುನ್ನ ತೊಟ್ಟಿಯ ದೀಪವನ್ನು ಆರಿಸಿರಿ.

ಆಹಾರದ ವಿಷಯದಲ್ಲಿ ನಮ್ಮ ಜನರ ಔದಾರ್ಯವೇ ಮೀನಿನ ಮೃತ್ಯು. ಬೆಟ್ಟಾದ ಹೊಟ್ಟೆ ಅದರ ಕಣ್ಣಿಗಿಂತ ಬಹಳ ದೊಡ್ಡದಲ್ಲ. ಅದು ಮಾಂಸಾಹಾರಿ, ಅನ್ನದ ಅಗುಳು, ಬ್ರೆಡ್ಡಿನ ಚೂರು, ದೇವರ ಪ್ರಸಾದ ಯಾವುದೂ ಅದಕ್ಕೆ ಸಲ್ಲದು. ಹೊತ್ತಿಗೆ ಎರಡು ಮೂರು ಕಾಳು ಬೆಟ್ಟಾ ಆಹಾರ, ದಿನಕ್ಕೆ ಎರಡು ಹೊತ್ತು. ಸಾಧ್ಯವಾದಾಗ ಶುಚಿಯಾದ ನೀರಿನಲ್ಲಿ ಬೆಳೆದ ನಾಲ್ಕು ಸೊಳ್ಳೆಮರಿಗಳು. ವಾರದಲ್ಲಿ ಒಂದು ದಿನ ಉಪವಾಸ. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಏನೂ ತಿನ್ನದೆ ಇರಬಲ್ಲುದಾದುದರಿಂದ, ಹಬ್ಬಕ್ಕೆಂದು ನಾಲ್ಕೈದು ದಿನ ಊರಿಗೆ ಹೋಗುವವರು ಯಾರಿಗೂ ಏನನ್ನೂ ಒಪ್ಪಿಸದೆ ನಿಶ್ಚಿಂತೆಯಿಂದ ಹೊರಡಬಹುದು. ಬೇಸಗೆಯ ರಜದಲ್ಲಿ ಹದಿನೈದು ದಿನ ಇರಲೇಬೇಕಾಗಿ ಬಂದು, ನೆರೆಮನೆಯ ಅಮ್ಮನವರಿಗೆ ಬೀಗದ ಕೈ ಕೊಟ್ಟು ಹೋಗುವುದಾದರೆ, ಅವರ ಕೈಗೆ ಡಬ್ಬಿಯನ್ನು ಮಾತ್ರ ಕೊಡಬೇಡಿರಿ. ಪಾಪ, ಮೀನು ಹಸಿದು ಬಾಯಿಬಿಡುತ್ತಿದೆಯೆಂದು ಆ ತಾಯಿ ಮೂರೇ ದಿನಗಳಲ್ಲಿ ಡಬ್ಬಿಯನ್ನು ಬರಿದುಮಾಡುವರು. ದಿನ ಬಿಟ್ಟು ದಿನಕ್ಕೆ ಮೂರು ಮೂರು ಕಾಳುಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಒಂದೊಂದರ ಮೇಲೆಯೂ ತಾರೀಖನ್ನು ಬರೆದಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗಹಾಕಿಕೊಂಡು ರೈಲು ಹತ್ತಿರಿ.